ಕತ್ತಲೆ ಕೋಣೆಯ ವಿಲೇವಾರಿ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಮಾತಿಗೆ ನಿಂತವರು ಕದಂಬರಿಂದ ಹೊರಟು, ವಿಜಯನಗರದಲ್ಲಿ ಒಂದು ಘಳಿಗೆ ತಂಗಿ, ಅಲ್ಲಿಂದ ಏಕೀಕರಣಕ್ಕೆ ಬಂದು ಕೈಮುಗಿಯುವುದು ವಾಡಿಕೆ. ನಮಗೆ ಅಷ್ಟು ದೂರದ ಪ್ರಯಾಣದ ಶಕ್ತಿಯಿಲ್ಲ. ನಾವು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು, ಓದಿದ್ದು ಬಿ.ಕಾಂ. ಕಾರ್ಯದರ್ಶಿಗಳು ಮಾತನಾಡಬೇಕೆಂದು ಅಪ್ಪಣೆ ಮಾಡಿದಾಗ, "ಮನೆಯಲ್ಲಿದ್ದ ಹಳೆಯ ಎನ್‌ಲಾರ್ಜರ್ ಮಾರಿದ ಸಂಗತಿಯೊಂದನ್ನು ಬಿಟ್ಟರೆ ನಮ್ಮ ಬಳಿ ಹೇಳುವಂಥದು ಬೇರೇನೂ ಇಲ್ಲ" ಎಂದೆವು. "ಅದನ್ನೇ ಹೇಳಿ" ಎಂದರು. ಹೀಗಾಗಿ ತಪ್ಪು ಅರ್ಧ ನಮ್ಮದು, ಅರ್ಧ ಅವರದು.

ಇನ್ನೊಂದು ಅರಿಕೆ. ಈ ಮಾತಿನಲ್ಲಿ 'ನಾವು' ಎಂದು ಬಂದಾಗಲೆಲ್ಲ ಅದರಲ್ಲಿ ಮನೆಯವರೆಲ್ಲರೂ ಸೇರಿದ್ದಾರೆಂದು ತಿಳಿಯಬೇಕು. ಮಾರಾಟದ ಪಾಪ ಒಬ್ಬನ ತಲೆಯ ಮೇಲೆಯೇ ಬೀಳಬಾರದೆಂಬುದು ನಮ್ಮ ಎಚ್ಚರಿಕೆ.

ತಂದೆಯವರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. 1974ರಲ್ಲಿ ಗದಗಿನಿಂದ ಪುಣೆಗೆ ಬಂದು ಖಡಕಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ವಾರದ ಆರು ದಿನ ಕಾರ್ಖಾನೆ, ಏಳನೆಯ ದಿನ ಕ್ಯಾಮೆರಾ. ಖಡಕಿ, ಬೋಪೋಡಿ, ದಾಪೋಡಿ, ದೇಹೂ ರೋಡ ಈ ಕಡೆಯ ಕನ್ನಡ ಮನೆಗಳಲ್ಲಿ ತೊಟ್ಟಿಲೇ ಇರಲಿ, ಜವಳವೇ ಇರಲಿ, ಹುಡುಗಿಯನ್ನು ನೋಡಲು ಊರಿಗೆ ಕಳಿಸುವ ಫೋಟೋವೇ ಇರಲಿ, ಕುತ್ತಿಗೆಗೆ ಯಾಶಿಕಾ ಹಾಕಿಕೊಂಡು ಸೈಕಲ್ಲು ತುಳಿಯುತ್ತ ಅವರು ಬರುತ್ತಿದ್ದರು. ಅಂಗಡಿಯಿರಲಿಲ್ಲ, ಬೋರ್ಡಿರಲಿಲ್ಲ. ಹಣ ಕೊಟ್ಟವರು ಕೊಟ್ಟರು. ಕೊಡದವರ ಲೆಕ್ಕವನ್ನು ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟರು. ಆ ಲಕೋಟೆಗಳ ಮಾತು ಮುಂದೆ ಬರುವುದಿದೆ.

1980ರಲ್ಲಿ ಕ್ಯಾಂಪಿನ ಸ್ಟುಡಿಯೋದವರೊಬ್ಬರು ಅಂಗಡಿ ಮುಚ್ಚುವಾಗ ಅವರ ಎನ್‌ಲಾರ್ಜರನ್ನು ತಂದೆಯವರು 1100 ರೂಪಾಯಿಗೆ ಕೊಂಡರು. ಅಂದಿನ ಎರಡು ತಿಂಗಳ ಪಗಾರ. ಅವ್ವ ಎಂಟು ದಿವಸ ಮಾತನಾಡಲಿಲ್ಲವಂತೆ. ಜೆಕೊಸ್ಲೊವಾಕಿಯಾದ ಮೆಯೋಪ್ಟಾ ಕಂಪನಿಯ ಯಂತ್ರ; ಆ ದೇಶವೇ ಈಗ ಎರಡಾಗಿ ಮೂವತ್ತು ವರ್ಷ ದಾಟಿತು, ಯಂತ್ರ ಮಾತ್ರ ಒಡೆಯಲಿಲ್ಲ.

ಇಲ್ಲಿರುವ ಚಿಕ್ಕ ಮಕ್ಕಳಿಗಾಗಿ ಎರಡು ಮಾತು. ಮುಂಚೆ ಫೋಟೋ ಎಂದರೆ ಮೊದಲು ನೆಗೆಟಿವು. ಅದರಲ್ಲಿ ಬೆಳಕು ಇದ್ದಲ್ಲಿ ಕಪ್ಪು, ಕತ್ತಲೆ ಇದ್ದಲ್ಲಿ ಬಯಲು. ಯಾಶಿಕಾದ ನೆಗೆಟಿವು ಅಂಗೈಯಲ್ಲಿ ಅಡಗುವಷ್ಟು. ಆರು ಸೆಂಟಿಮೀಟರ್ ಚೌಕ, ರೋಲಿಗೆ ಹನ್ನೆರಡು. ಅದನ್ನು ಗೋಡೆಗೆ ಹಾಕುವ ಚಿತ್ರವಾಗಿ ಹಿಗ್ಗಿಸುವುದು ಎನ್‌ಲಾರ್ಜರಿನ ಕೆಲಸ. ನಿಲುಗಂಬದ ಮೇಲೆ ಒಂದು ತಲೆ, ತಲೆಯೊಳಗೆ ಹಾಲುಬಣ್ಣದ ಬಲ್ಬು, ಅದರ ಕೆಳಗೆ ನೆಗೆಟಿವು, ನೆಗೆಟಿವಿನ ಕೆಳಗೆ ಲೆನ್ಸು, ಎಲ್ಲಕ್ಕಿಂತ ಕೆಳಗೆ ಹಲಗೆಯ ಮೇಲೆ ಕಾಗದ. ತಲೆ ಮೇಲೇರಿದಷ್ಟೂ ಚಿತ್ರ ದೊಡ್ಡದು. ಇಷ್ಟೇ.

ಇದು ಬರುವ ಮೊದಲು ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವೂ ಅಷ್ಟೇ ದೊಡ್ಡದಿರಬೇಕಾಗಿತ್ತು. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ನಮ್ಮ ವಿಜಾಪುರ, ಬಾದಾಮಿ, ಐಹೊಳೆಗಳ ಫೋಟೋ ತೆಗೆದನು. ನೆಗೆಟಿವುಗಳೆಲ್ಲ ಕಾಗದದವು, ಅದರ ಮೇಲೆ ಇನ್ನೊಂದು ಕಾಗದವನ್ನು ಒತ್ತಿಟ್ಟು ಬಿಸಿಲಿಗೆ ಹಿಡಿದು ಚಿತ್ರ ಇಳಿಸಬೇಕು. ಆ ದೊಡ್ಡ ಪೆಟ್ಟಿಗೆ, ಆ ಔಷಧಿಯ ಬಾಟಲಿ, ಆ ಡೇರೆ ಇವನ್ನೆಲ್ಲ ಹೊತ್ತುಕೊಂಡು ಮಲಪ್ರಭೆಯ ದಂಡೆಗುಂಟ ಅವರು ಹೇಗೆ ತಿರುಗಿದರೋ! 1866ರಲ್ಲಿ ಲಂಡನ್ನಿನಲ್ಲಿ ಅವು ಪುಸ್ತಕವಾಗಿ ಬಂದವು. ಗೋಲಗುಮ್ಮಟವು ಅಂದು ಹೇಗಿತ್ತೆಂಬುದನ್ನು ಇಂದು ನಾವು ಕಣ್ಣಾರೆ ನೋಡಬಹುದಾದರೆ ಅದಕ್ಕೆ ಯಾರೋ ಆ ಕಾಗದಗಳನ್ನು ಎಸೆಯದೆ ಇಟ್ಟದ್ದೇ ಕಾರಣ. ಗುಮ್ಮಟಕ್ಕೆ ಸರಕಾರ ಉಂಟು. ದಾಪೋಡಿಯ ಚಾಳಿನ ಕೂಸಿನ ತೊಟ್ಟಿಲಿಗೆ ಯಾರುಂಟು?

ಇರಲಿ. ನಮ್ಮ ಕತ್ತಲೆ ಕೋಣೆಯೆಂದರೆ ಬಚ್ಚಲುಮನೆ. ರಾತ್ರಿ ಹತ್ತರೊಳಗೆ ಎಲ್ಲರ ಸ್ನಾನ, ಕೈಕಾಲು ಮುಗಿಯಬೇಕು. ಆಮೇಲೆ ಕಿಟಕಿಗೆ ಊರಿನಿಂದ ತಂದ ಕರಿಯ ಕಂಬಳಿ, ಬಾಗಿಲ ಸಂದಿಗೆ ಅವ್ವನ ಹಳೆಯ ಸೀರೆ, ಮೇಲೆ ಕೆಂಪು ಝೀರೋ ಬಲ್ಬು. ಕಪ್ಪುಬಿಳುಪಿನ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಅದು ನಮಗಾಗಿ ಇಟ್ಟ ದೀಪ. ಮೂರು ಟ್ರೇ. ಮೊದಲನೆಯದರಲ್ಲಿ ಚಿತ್ರ ಮೂಡಿಸುವ ಡೆವಲಪರು, ಎರಡನೆಯದರಲ್ಲಿ ಹುಳಿನೀರು, ಮೂರನೆಯದರಲ್ಲಿ ಹೈಪೋ. ಈ ಹೈಪೋ ಮೂಡಿದ ಚಿತ್ರವನ್ನು ಬಿಟ್ಟು ಮಿಕ್ಕ ಬೆಳ್ಳಿಯ ಲವಣವನ್ನೆಲ್ಲ ಕರಗಿಸಿ ತೆಗೆಯುತ್ತದೆ. ಇದನ್ನು ಫೋಟೋಗ್ರಫಿಗೆ ತಂದವನು ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲ್, 1839ರಲ್ಲಿ. ಅಂದರೆ ನಕ್ಷತ್ರ ನೋಡುವವನ ಉಪಕಾರದಿಂದ ನಮ್ಮ ಬಚ್ಚಲಿನಲ್ಲಿ ಮದುವೆಯ ಫೋಟೋ ನಿಂತಿತು.

ಡೆವಲಪರಿಗೆ ಇಪ್ಪತ್ತು ಡಿಗ್ರಿ ಬೇಕು. ಪುಣೆಯ ಏಪ್ರಿಲ್ ತಿಂಗಳಿಗೆ ಇದು ತಿಳಿಯದು. ಆದುದರಿಂದ ಬಾಟಲಿಯನ್ನು ಮಣ್ಣಿನ ಗಡಿಗೆಯಲ್ಲಿ, ಕುಡಿಯುವ ನೀರಿನ ಪಕ್ಕದ ಇನ್ನೊಂದು ಗಡಿಗೆಯಲ್ಲಿ, ತಣಿಯಲಿಕ್ಕೆ ಇಡುತ್ತಿದ್ದರು. ಯಾವ ಗಡಿಗೆ ಯಾವುದು ಎಂಬ ವಿಷಯದಲ್ಲಿ ಮನೆಗೆ ಬಂದ ನೆಂಟರಿಗೆ ಮೊದಲೇ ಎಚ್ಚರಿಕೆ ಕೊಡಬೇಕಾಗಿತ್ತು. ಎಂಟು ವರ್ಷದವರಿದ್ದಾಗ ನಮ್ಮ ಕೆಲಸ ಟ್ರೇ ತೂಗುವುದು. ತಂದೆಯವರು ಬಲ್ಬು ಹಚ್ಚಿ "ಒಂದು, ಎರಡು, ಮೂರು" ಎಂದು ಎಣಿಸುವರು. ತಂತಿಗೆ ಸಿಕ್ಕಿಸಿದ ರಟ್ಟಿನ ಬಿಲ್ಲೆಯನ್ನು ಬೆಳಕಿನ ನಡುವೆ ಆಡಿಸಿ, ಕಪ್ಪಾಗಿ ಹೋಗುವ ಮುಖಕ್ಕೆ ನೆರಳು ಹಿಡಿಯುವರು. ನೆರಳು ಬಿದ್ದ ಮುಖ ಬೆಳ್ಳಗಾಗುವುದು. ಗಂಡಿನ ಕಡೆಯವರಿಗೆ ಕಳಿಸುವ ಫೋಟೋಗಳಲ್ಲಿ ಈ ಬಿಲ್ಲೆಗೆ ಬಿಡುವೇ ಇರುತ್ತಿರಲಿಲ್ಲವೆಂದು ಹೇಳಿದರೆ ಯಾರೂ ತಪ್ಪು ತಿಳಿಯಬಾರದು.

ಈಗ ಎಲ್ಲರೂ ಡಿಜಿಟಲ್ ಬಂದು ಕತ್ತಲೆ ಕೋಣೆಯನ್ನು ಮುಚ್ಚಿತು ಎನ್ನುತ್ತಾರೆ. ನಮ್ಮ ಮನೆಯ ಮಟ್ಟಿಗೆ ಇದು ಅರ್ಧ ಸತ್ಯ. ಅದಕ್ಕೆ ಎಷ್ಟೋ ಮೊದಲೇ ಬಣ್ಣದ ಲ್ಯಾಬುಗಳು ಬಂದಿದ್ದವು. ಬಣ್ಣದ ಕಾಗದ ಕೆಂಪು ದೀಪವನ್ನೂ ಸಹಿಸದು, ಔಷಧಿಯ ಶಾಖ ಅರ್ಧ ಡಿಗ್ರಿ ಅತ್ತಿತ್ತಾದರೂ ಕೆಡುವುದು. ಗಡಿಗೆಯ ಕೈಯಲ್ಲಿ ಆಗುವ ಕೆಲಸವಲ್ಲ. 1990ರ ನಂತರ ಮದುವೆಯ ರೋಲುಗಳು ಲ್ಯಾಬಿಗೆ ಹೋದವು, ನಮ್ಮ ಬಚ್ಚಲಿಗೆ ಪಾಸ್‌ಪೋರ್ಟ್ ಅಳತೆಯ ಫೋಟೋಗಳಷ್ಟೇ ಉಳಿದವು. ಕಡೆಗೆ ಡಿಜಿಟಲ್ ಬಂದು ಅವನ್ನೂ ತೆಗೆದುಕೊಂಡಿತು. ಇನ್ನೊಂದು ವಿಚಿತ್ರ ಕೇಳಿ: ಮೊದಲ ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ಮಾಡಿದವನು ಫಿಲಂ ಮಾರುವ ಕೊಡಾಕ್ ಕಂಪನಿಯ ಎಂಜಿನಿಯರೇ, ಸ್ಟೀವನ್ ಸ್ಯಾಸನ್. ಒಂದು ಚಿತ್ರ ದಾಖಲಾಗಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಅದೇ ಕೊಡಾಕ್ 2005ರಲ್ಲಿ ಕಪ್ಪುಬಿಳುಪಿನ ಕಾಗದ ಮಾಡುವುದನ್ನು ನಿಲ್ಲಿಸಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮ ದೇಶದ್ದೇ ಆದ ಹಿಂದೂಸ್ತಾನ್ ಫೋಟೋ ಫಿಲಂಸ್, ಊಟಿಯಲ್ಲಿ 'ಇಂದು' ಎಂಬ ಹೆಸರಿನ ಫಿಲಂ, ಕಾಗದ ತಯಾರಿಸುತ್ತಿದ್ದ ಸರಕಾರಿ ಕಾರ್ಖಾನೆ, ಅದೂ ಮುಚ್ಚಿತು. ತಂದೆಯವರ ಕಪಾಟಿನಲ್ಲಿ 'ಇಂದು' ಕಾಗದದ ಒಂದು ಪೊಟ್ಟಣ ಈಗಲೂ ಇದೆ. ಅದರೊಳಗಿನ ಕಾಗದ ಪೂರಾ ಮಬ್ಬಾಗಿದೆ.

ತಂದೆಯವರು ಹಟ ಹಿಡಿಯಲಿಲ್ಲ. 2005ರಲ್ಲಿ ತಾವೇ ಹೋಗಿ ಡಿಜಿಟಲ್ ಕ್ಯಾಮೆರಾ ತಂದರು. ಮೊದಲ ದಿನವೇ ಅವ್ವನ ಎಂಬತ್ತು ಫೋಟೋ ತೆಗೆದರು. ಮೂವತ್ತು ವರ್ಷಗಳ ಸಂಸಾರದಲ್ಲಿ ಅಷ್ಟು ತೆಗೆದಿರಲಿಲ್ಲ. ನಾವೆಲ್ಲ ಹಿಗ್ಗಿದೆವು. 2009ರಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕು ಒಂದು ಸಂಜೆ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ನಾಲ್ಕು ವರ್ಷದ ಚಿತ್ರಗಳು, ಅಕ್ಕನ ಮಗನ ನಾಮಕರಣ, ಆ ಎಂಬತ್ತು ಫೋಟೋ, ಎಲ್ಲವೂ ಅದರಲ್ಲಿದ್ದವು. ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕಾಗಿತ್ತು. ಇಡದಿದ್ದುದು ನಮ್ಮ ತಪ್ಪು. ದಿನವೂ ಬ್ಯಾಂಕಿನಲ್ಲಿ ಎರಡೆರಡು ಪ್ರತಿ ಮಾಡಿಸುವ ನಾವೇ ಮನೆಯಲ್ಲಿ ಹಾಗೆ ಮಾಡಲಿಲ್ಲ.

ಇನ್ನು ಮಾರಾಟದ ಕಥೆ. ನಮ್ಮ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಕರಾರು ಆಯಿತು. ಪುಣೆಯಲ್ಲಿ ಈಗ ಯಾರ ಮನೆಗೆ ಈ ಭಾಗ್ಯ ಬಂದಿಲ್ಲ? 2024ರಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಹೋಗಬೇಕಾಯಿತು. ಅಲ್ಲಿ ಅವ್ವನ ಪೂಜಾ ಮಂಟಪಕ್ಕೂ ಎನ್‌ಲಾರ್ಜರಿಗೂ ಒಂದೇ ಮೂಲೆ. ಮಂಟಪ ಗೆದ್ದಿತು.

ಬೆಲೆ ಎಷ್ಟಿಡಬೇಕು? ಬಿ.ಕಾಂ. ತರಗತಿಯಲ್ಲಿ ಸವಕಳಿ ಕಲಿತಿದ್ದೆವು. ಉಳಿದ ಬೆಲೆಯ ಮೇಲೆ ವರ್ಷಕ್ಕಿಷ್ಟೆಂದು ಕಳೆಯುತ್ತ ಹೋದರೆ ವಸ್ತುವಿನ ಬೆಲೆ ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಪೈಸೆ, ಅರೆಪೈಸೆ, ಕಾಲುಪೈಸೆ ಎಂದು ಉಳಿದೇ ಇರುತ್ತದೆ. ಆ ಲೆಕ್ಕದಲ್ಲಿ ನಮ್ಮ ಯಂತ್ರಕ್ಕೆ ಒಂದು ಚಹದ ಬೆಲೆ ಬಂದಿತು. ಪೇಟೆಯ ಲೆಕ್ಕ ಬೇರೆ. ಬುಧವಾರದ ಜುನಾ ಬಾಜಾರಿನವನೊಬ್ಬನು ಬಂದು ಕಂಬವನ್ನು ಬೆರಳಿನಿಂದ ಬಡಿದು, ಕಿಲೋ ಲೆಕ್ಕದಲ್ಲಿ ಕೇಳಿದನು. ಕೋರೆಗಾಂವ್ ಪಾರ್ಕಿನ ಕಡೆಯಿಂದ ಬಂದ ಒಬ್ಬ ಮಹನೀಯರು 9000 ರೂಪಾಯಿ ಕೊಡಲು ಸಿದ್ಧರಿದ್ದರು. ಬಹಳ ಸಂತೋಷವಾಯಿತು. ಯಾವ ಫೋಟೋ ಮಾಡುತ್ತೀರೆಂದು ಕೇಳಿದರೆ, ತಲೆಯಲ್ಲಿ ಬಣ್ಣದ ಬಲ್ಬು ಕೂಡಿಸಿ ಬೈಠಕ್ಕಿನಲ್ಲಿ ಮೇಜಿನ ದೀಪವಾಗಿ ಇಡುತ್ತಾರಂತೆ. ತಂದೆಯವರು ಎದ್ದು ಒಳಗೆ ಹೋದರು. ವಿಚಾರಿಸಿ ಹೇಳುತ್ತೇವೆಂದು ಅವರನ್ನು ಕಳಿಸಿದೆವು.

ಇಲ್ಲಿ ನಾವೊಂದು ಪೆದ್ದತನ ಮಾಡಿದೆವು. ಯಂತ್ರಕ್ಕೆ ಎರಡು ಲೆನ್ಸುಗಳಿದ್ದವು. ಸಣ್ಣ ಫಿಲಮಿಗೆ ಐವತ್ತು ಮಿಲಿಮೀಟರಿನದು, ಯಾಶಿಕಾದ ನೆಗೆಟಿವಿಗೆ ಎಪ್ಪತ್ತೈದರದು. ಎನ್‌ಲಾರ್ಜರಿನ ಲೆನ್ಸನ್ನು ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಿ ಇರುವೆ, ಹೂವುಗಳ ಚಿತ್ರ ತೆಗೆಯುವವರು ಇದ್ದಾರೆಂದು ತಿಳಿಯಿತು. ಅವರಿಗೆ ಯಂತ್ರ ಬೇಡ, ಲೆನ್ಸು ಮಾತ್ರ ಬೇಕು. ಬಿಡಿಬಿಡಿಯಾಗಿ ಮಾರಿದರೆ ಒಟ್ಟು ಮೊತ್ತ ಹೆಚ್ಚೆಂದು ಲೆಕ್ಕ ಹಾಕಿ ಐವತ್ತರ ಲೆನ್ಸನ್ನು 3500ಕ್ಕೆ ಕೊಟ್ಟೆವು. ಮರುವಾರವೇ ಫೋಟೋಗ್ರಫಿ ಕಲಿಯುವ ಒಬ್ಬ ಮರಾಠಿ ಹುಡುಗಿ ಬಂದಳು. ಅವಳು ಅಲಂಕಾರಕ್ಕಲ್ಲ, ಕೆಲಸಕ್ಕೇ ಕೇಳಿದವಳು. ತಲೆ ಮೇಲೇರಿಸಿ ಇಳಿಸಿ ನೋಡಿದಳು, ಕಂಬ ಹಲಗೆಗೆ ನೆಟ್ಟಗಿದೆಯೇ ಎಂದು ನೋಡಿದಳು, ಚರ್ಮದ ಮಡಿಕೆಯಲ್ಲಿ ತೂತಿದೆಯೇ ಎಂದು ಒಳಗೆ ಟಾರ್ಚು ಹಿಡಿದಳು, ಲೆನ್ಸಿನೊಳಗೆ ಬೂಷ್ಟು ಬಂದಿದೆಯೇ ಎಂದು ಬೆಳಕಿಗೆ ಹಿಡಿದಳು. ನಿಮ್ಮಲ್ಲಿ ಯಾರಾದರೂ ಇಂಥದನ್ನು ಕೊಳ್ಳುವುದಿದ್ದರೆ ಈ ನಾಲ್ಕನ್ನು ಮರೆಯಬೇಡಿ. ಕಡೆಗೆ, "ಸಣ್ಣ ಫಿಲಮಿನ ಲೆನ್ಸು ಎಲ್ಲಿ?" ಎಂದಳು. ನಾವು ನೆಲ ನೋಡಿದೆವು.

ಆಗ ತಂದೆಯವರು ಒಳಗಿನಿಂದ ಬಂದರು. "ಎಪ್ಪತ್ತೈದರಾಗ ಸಣ್ಣದೂ ಆಗತದ, ಬಾಳ. ತಲಿ ಜರಾ ಮ್ಯಾಲ ಏರಿಸಬೇಕು ಅಷ್ಟ. ಭಾಳ ದೊಡ್ಡ ಪ್ರಿಂಟ್ ಆಗಂಗಿಲ್ಲ" ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ತಿಳಿಸಿದರು. ಹುಡುಗಿ ನಕ್ಕಳು. ಟ್ರೇ, ಕೆಂಪು ದೀಪ, ಕಾಗದ ಹಿಡಿಯುವ ಚೌಕಟ್ಟು, ರಟ್ಟಿನ ಬಿಲ್ಲೆ ಸಹಿತ 5000ಕ್ಕೆ ಮಾತಾಯಿತು. ದೀಪ ಮಾಡುವವರಿಗಿಂತ ನಾಲ್ಕು ಸಾವಿರ ಕಡಿಮೆ. ಅಕ್ಕ ಈ ನಷ್ಟವನ್ನು ಇಂದಿಗೂ ಎತ್ತಿ ಆಡುವುದುಂಟು. ಬಾಡಿಗೆ ಮನೆಗೆ ಮುಂಗಡ ಕೊಟ್ಟ ತಿಂಗಳದು, ಅವಳ ಮಾತೂ ಸುಳ್ಳಲ್ಲ.

ಆದರೆ ನಿಜವಾದ ತೊಡಕು ಯಂತ್ರದ್ದಲ್ಲ. ಜುನಾ ಬಾಜಾರಿನವನು ಅಟ್ಟದ ಮೇಲಿನ ತಗಡಿನ ಡಬ್ಬಿಗಳನ್ನು ನೋಡಿದ್ದನು. ಎರಡು ದಿನ ಬಿಟ್ಟು ಇನ್ನೊಬ್ಬನನ್ನು ಕರೆತಂದನು. ಅವನು ಆಸ್ಪತ್ರೆಗಳ ಹಳೆಯ ಎಕ್ಸ್‌ರೇ ಫಿಲಂ ಕೊಳ್ಳುವವನು. ಅವುಗಳಿಂದ ಬೆಳ್ಳಿ ತೆಗೆಯುತ್ತಾರೆ. ಕಪ್ಪುಬಿಳುಪಿನ ನೆಗೆಟಿವಿನಲ್ಲಿಯೂ ಅದೇ ಬೆಳ್ಳಿ. "ಯಂತ್ರದ ಚಿಂತೆ ಬಿಡಿ, ಈ ಡಬ್ಬಿಗಳನ್ನು ತೂಕಕ್ಕೆ ಹಾಕಿ" ಎಂದನು. ಡಬ್ಬಿಗಳಲ್ಲಿ 1975ರಿಂದ 2004ರವರೆಗಿನ 360 ಲಕೋಟೆಗಳಿದ್ದವು. ಜಾಗವಿಲ್ಲ, ಹಣ ಬೇಕು, ಬೆಳ್ಳಿಯ ದರವೋ ಏರುತ್ತಿತ್ತು. ನಮ್ಮ ಮನಸ್ಸು ಅತ್ತ ಜಾರಿತೆಂಬುದನ್ನು ಈ ಸಭೆಯಲ್ಲಿ ಮುಚ್ಚಿಡಲಾರೆವು. ತಕ್ಕಡಿಯ ಕೊಕ್ಕೆಗೆ ಚೀಲ ಸಿಕ್ಕಿಸುವವರೆಗೆ ಬಂದಿತ್ತು.

ತಂದೆಯವರು ಇಷ್ಟೇ ಹೇಳಿದರು: "ಮಷೀನ್ ನಂದು, ಅದನ್ನ ಮಾರು. ಇವು ನಮ್ಮವಲ್ಲೋ ತಮ್ಮಾ. ಕೂತವರವು."

ನಾವು ಬ್ಯಾಂಕಿನವರು, ಆ ಮಾತಿನ ಅರ್ಥ ನಮಗೆ ತಟ್ಟನೆ ಆಗಬೇಕಾಗಿತ್ತು. ಠೇವಣಿಯ ಹಣ ಬ್ಯಾಂಕಿನ ಪೆಟ್ಟಿಗೆಯಲ್ಲಿದ್ದರೂ ಲೆಕ್ಕದ ಪುಸ್ತಕದಲ್ಲಿ ಅದು ನಮ್ಮ ಸಾಲ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು 2014ರ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತೇವೆ. ಆದರೂ ಅದು ಮುಟ್ಟುಗೋಲಲ್ಲ. ಇಪ್ಪತ್ತು ವರ್ಷದ ಮೇಲೆ ಮೊಮ್ಮಗ ಬಂದು ಕಾಗದ ತೋರಿಸಿದರೂ ಕೊಡಲೇಬೇಕು. ದಿನವೂ ಕೌಂಟರಿನಲ್ಲಿ ಇದನ್ನು ಹೇಳುವ ನಾವು ಮನೆಯಲ್ಲಿ ಜನರ ಠೇವಣಿಯನ್ನು ಕರಗಿಸಲು ಹೊರಟಿದ್ದೆವು.

ಬೆಳ್ಳಿಗಾಗಿ ಕರಗಿದ ಹಳೆಯ ಚಲನಚಿತ್ರಗಳಿಗೆ ಲೆಕ್ಕವಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಗೆ ಬಂದಿತು. ಚಿತ್ರೀಕರಣ ನಡೆದದ್ದು ಇಲ್ಲಿಗೆ ಹತ್ತಿರದ ಕೊಲ್ಲಾಪುರದಲ್ಲಿ. ಅದು ಹೇಗೆ ಹಾಳಾಯಿತೋ, ಇಂದು ಅದರ ಪ್ರತಿಯಿಲ್ಲ. ಹಳೆಯ ಚಿತ್ರಗಳನ್ನು ಕಾಪಾಡಲೆಂದು 1964ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೇ ಪುಣೆಯಲ್ಲಿದೆ; ಅದು ಹುಟ್ಟುವ ಹೊತ್ತಿಗೆ 'ಸುಲೋಚನ'ಗೆ ಮೂವತ್ತು ವರ್ಷ ಆಗಿಹೋಗಿತ್ತು.

ಡಬ್ಬಿಗಳು ಬಾಡಿಗೆ ಮನೆಗೆ ಬಂದವು. ಈಗ ಅವು ಅವ್ವನ ಮಂಚದ ಕೆಳಗೆ ಇವೆ. ಬಿಚ್ಚಿ ನೋಡಿದಾಗ ಮೂರು ರೋಲುಗಳಿಂದ ವಿನೆಗರಿನಂಥ ಹುಳಿ ವಾಸನೆ ಬರುತ್ತಿತ್ತು. ಫಿಲಮಿನ ಮೈಯೇ ಕೆಡುತ್ತಿರುವ ಸೂಚನೆಯದು, ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಅವನ್ನು ಬೇರೆ ಇಟ್ಟೆವು. ಉಳಿದವನ್ನು ಹೊಸ ಬೆಣ್ಣೆಕಾಗದದಲ್ಲಿ ಸುತ್ತಿ ಮಳೆಗಾಲದ ತೇವಕ್ಕೆ ಸಿಲಿಕಾ ಚೀಲಗಳನ್ನು ಇಟ್ಟೆವು. ನಿಮ್ಮ ಮನೆಯಲ್ಲಿಯೂ ಹಳೆಯ ನೆಗೆಟಿವುಗಳಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಡಬೇಡಿ. ಒಮ್ಮೆ ಮೂಸಿ ನೋಡಿ.

ಯಂತ್ರ ಒಯ್ಯುವ ಹಿಂದಿನ ರಾತ್ರಿ ಆ ಹುಡುಗಿ ಹೊಸ ಕಾಗದ ತಂದಿದ್ದಳು. ಇಂಗ್ಲೆಂಡಿನ ಇಲ್ಫರ್ಡ್ ಕಾಗದ. ಆ ಕಂಪನಿಯೂ 2004ರಲ್ಲಿ ಮುಳುಗುವುದರಲ್ಲಿತ್ತು, ಅದರ ವ್ಯವಸ್ಥಾಪಕರೇ ಮುಂದೆ ಬಂದು ಉಳಿಸಿದರು, ಈಗಲೂ ನಡೆದಿದೆ. ಹಳೆಯ ಮನೆಯ ಬಚ್ಚಲಿನ ಕಿಟಕಿಗೆ ಕಡೆಯ ಸಲ ಕಂಬಳಿ ಕಟ್ಟಿದೆವು. ತಂದೆಯವರಿಗೆ ಎಪ್ಪತ್ತೆರಡು, ಕೈ ನಡುಗುತ್ತದೆ. ಬಿಲ್ಲೆ ಆಡಿಸುವವರಿಗೆ ಅದು ಒಳ್ಳೆಯದೇ ಎಂದು ತಾವೇ ನಗೆಯಾಡಿದರು. 1986ರ ಲಕೋಟೆಯೊಂದನ್ನು ತೆಗೆದರು. ಹುಡುಗಿ ಕಾಗದವನ್ನು ಟ್ರೇಯಲ್ಲಿ ಮುಳುಗಿಸಿದಳು, ತೂಗುವ ಕೆಲಸ ನಮಗೇ ಬಂತು. ಮೊದಲು ಏನೂ ಇಲ್ಲ. ಆಮೇಲೆ ಒಂದು ಮೈಕಿನ ಕಂಬ, ಒಂದು ಪರದೆ, ಏಳು ಮಕ್ಕಳ ತಲೆಗೂದಲು, ಕಡೆಗೆ ಮುಖಗಳು. ಇದೇ ಸಂಘದ ರಾಜ್ಯೋತ್ಸವ. ನಡುವಿನ ಹುಡುಗಿಯ ಕೈಯಲ್ಲಿ ನಮ್ಮ ಧ್ವಜ. ಅರಿಸಿನ ತಿಳಿ ಬೂದು, ಕುಂಕುಮ ಗಾಢ ಬೂದು. ಆ ಏಳರಲ್ಲಿ ಇಬ್ಬರು ಈಗ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಬೆರಳು ತೋರಿಸುವುದಿಲ್ಲ, ಅವರ ಮಕ್ಕಳು ಪಕ್ಕದಲ್ಲಿಯೇ ಇದ್ದಾರೆ. ಒಂದು ಮುಖ ನಮ್ಮ ಎದುರು ಮನೆಯವರ ಮಗನದು, 1991ರಲ್ಲಿ ತೀರಿಕೊಂಡ. ಅವನ ತಾಯಿಯವರ ಬಳಿ ಅವನ ಒಂದು ಫೋಟೋವೂ ಇಲ್ಲವೆಂದು ಅವ್ವ ಬಾಗಿಲ ಹೊರಗಿನಿಂದ ಹೇಳಿದಳು. ಆ ರಾತ್ರಿ ಎರಡನೆಯ ಪ್ರತಿಯೂ ಮಾಡಿದೆವು. ಅದು ಈಗ ಅವರಲ್ಲಿದೆ.

ಆದುದರಿಂದ ನಮ್ಮ ಬಿನ್ನಹವಿಷ್ಟು. ಕಾರ್ಯಕಾರಿ ಮಂಡಲಿಯವರು ಸಂಘದ ಕಚೇರಿಯಲ್ಲಿ ಒಂದು ಕಪಾಟು ಕೊಡಲು ಒಪ್ಪಿದ್ದಾರೆ. ಈ ತಿಂಗಳ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಲಕೋಟೆಗಳ ಪಟ್ಟಿಯೊಡನೆ ನಾವು ಅಲ್ಲಿರುತ್ತೇವೆ. ತಮ್ಮ ತಮ್ಮ ಮನೆಯದನ್ನು ಗುರುತಿಸಿ ಒಯ್ಯಬೇಕು. ನೆಗೆಟಿವು ಬೇಡವೆಂದರೆ ಬೆಳಕಿನ ಹಲಗೆಯ ಮೇಲಿಟ್ಟು ಮೊಬೈಲಿಗೆ ಚಿತ್ರ ತೆಗೆದುಕೊಡುತ್ತೇವೆ. ಆದರೆ ಮೂಲವನ್ನು ಎಸೆಯಬೇಡಿ, ನಮ್ಮ ಹಾರ್ಡ್ ಡಿಸ್ಕಿನ ಕಥೆ ಕೇಳಿದ್ದೀರಿ. ಹಿರಿಯರನ್ನು ಕರೆತನ್ನಿ. ಎಷ್ಟೋ ಮುಖಗಳ ಹೆಸರು ತಂದೆಯವರಿಗೂ ಮರೆತುಹೋಗಿದೆ.

ಲಕೋಟೆ 212ರ ಮೇಲಿನ ಹೆಸರಿನ ಶಾಯಿ ಮಳೆಯಲ್ಲಿ ಕಲಸಿಹೋಗಿದೆ. ಒಳಗೆ ಕುಂಚಿಗೆ ತೊಟ್ಟ ಒಂದು ಕೂಸು, ಹಿಂದೆ ಸಿಂಗರ್ ಹೊಲಿಗೆ ಯಂತ್ರ, ಗೋಡೆಗೆ ಬಸವಣ್ಣನವರ ಚಿತ್ರದ ಕ್ಯಾಲೆಂಡರು, 1987ರ ಮಾರ್ಚ್ ತಿಂಗಳು. ಮೇಲೆ ಪೆನ್ಸಿಲ್ಲಿನಲ್ಲಿ "ಬಾಕಿ ರೂ. 15" ಎಂದಿದೆ. ಅಸಲೂ ಬೇಡ, ಬಡ್ಡಿಯೂ ಬೇಡವೆಂದು ತಂದೆಯವರು ಹೇಳಿ ಕಳಿಸಿದ್ದಾರೆ. ಯಾರದೆಂದು ಗೊತ್ತಾದರೆ ಸಾಕು.